ವಲ್ಲಿಯ ಕೆಳಗಿನ ಕೈ

"ಗುರುಗಳೇ, ಒಬ್ಬನಿಗೆ ಒಳ್ಳೆಯದಾಗಲಿ ಎಂದೇ ಒಂದು ಮಾತು ಹೇಳಿದರೆ, ಅವನಿಗೆ ಸಿಟ್ಟೇಕೆ ಬರಬೇಕು?"

ಕೇಳಿದವನು ಷಡಕ್ಷರಿ. ಮಠದ ದಾಸೋಹದ ಅಡುಗೆಮನೆ ಅವನ ವಶದಲ್ಲಿತ್ತು. ಎರಡು ತಿಂಗಳ ಹಿಂದೆ ಮಠಕ್ಕೆ ಉಮಾಪತಿ ಎಂಬ ಹೊಸ ಶಿಷ್ಯ ಬಂದಿದ್ದ. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಶಿಷ್ಯರೆಲ್ಲರೂ ಸರದಿಯ ಮೇಲೆ ಅಡುಗೆ ಮಾಡುವುದು ಆ ಮಠದ ರೂಢಿ. ತನ್ನ ಸರದಿಯ ದಿನ ಉಮಾಪತಿ ಒಲೆಯ ಮುಂದೆ ಬಂದು ನಿಂತ. ಷಡಕ್ಷರಿ ಅವನ ಕೈ ಹಿಡಿದು, ನಿನಗೇಕಪ್ಪ ಈ ತೊಂದರೆ ಎಂದು ಪ್ರೀತಿಯಿಂದಲೇ ಹೊರಗೆ ಕರೆತಂದು ಜಗಲಿಯ ಮೇಲೆ ಕೂರಿಸಿದ. "ನಿನ್ನ ದಯೆ ನೀನೇ ಇಟ್ಟುಕೋ" ಎಂದ ಉಮಾಪತಿ ಆಮೇಲೆ ಅವನೊಡನೆ ಮಾತು ಬಿಟ್ಟಿದ್ದ.

"ನೀನು ಮಾಡಿದ್ದು ತಪ್ಪೆಂದು ನಿನಗೆ ಅನ್ನಿಸುತ್ತದೆಯೇ?" ಎಂದರು ಗುರುಗಳು.

"ಇಲ್ಲ ಗುರುಗಳೇ. ಅಡುಗೆ ಕೆಟ್ಟರೆ ಅವನಿಗೇ ಅವಮಾನ. ನಾಲ್ಕು ಜನರ ಬಾಯಿಗೆ ಅವನು ಬೀಳಬಾರದೆಂದು ಹಾಗೆ ಮಾಡಿದೆ."

"ಹಾಗಾದರೆ ಕೂತುಕೋ. ನಿಂತು ಕೇಳಿದರೆ ಕತೆ ಕಾಲಿಗೆ ಇಳಿಯುತ್ತದೆ."

ಷಡಕ್ಷರಿ ಕೂತ. ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಹುಟ್ಟಿನಿಂದಲೇ ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಕೇಳದ ಮೇಲೆ ಬಾಯಲ್ಲಿ ಮಾತೂ ಹುಟ್ಟಲಿಲ್ಲ. ಊರಿನವರು ಅವನನ್ನು ಮೂಗ ಎನ್ನುತ್ತಿದ್ದರು. ಅವನಿಗೆ ಬೋರಲಿಂಗ ಎಂಬ ಒಳ್ಳೆಯ ಹೆಸರಿತ್ತು. ಊರಿನವರು ಆ ಹೆಸರು ಹಿಡಿದು ಕರೆಯಲಿಲ್ಲ, ಹೆಂಡತಿ ಗಂಡನ ಹೆಸರು ಹೇಳುವ ಹಾಗಿರಲಿಲ್ಲ. ಅಲ್ಲಿಗೆ ಆ ಹೆಸರು ಪೆಟ್ಟಿಗೆಯಲ್ಲಿಟ್ಟ ಮದುವೆ ಪಂಚೆಯ ಹಾಗೆ ಮಡಿಕೆ ಬಿಚ್ಚದೆ ಉಳಿಯಿತು. ನಾನಂತೂ ಅವನನ್ನು ಬೋರಲಿಂಗ ಎಂದೇ ಕರೆಯುತ್ತೇನೆ. ಯಾರಾದರೂ ಬಳಸಲಿ ಪಾಪ.

ಬೋರಲಿಂಗ ಎತ್ತು ಸಾಕುವುದರಲ್ಲಿ ನಿಪುಣನೇನೂ ಅಲ್ಲ. ಎಲ್ಲರ ಹಾಗೆ ಸಾಕುತ್ತಿದ್ದ. ಕರುಗಳನ್ನು ತಂದು, ಬೆಳೆಸಿ, ಉಳುವುದಕ್ಕೆ ಪಳಗಿಸಿ, ಪಕ್ಕದ ಊರಿನ ದನದ ಸಂತೆಯಲ್ಲಿ ಮಾರುತ್ತಿದ್ದ. ಮಾರುತ್ತಿದ್ದ ಎಂದೆನೇ? ತಪ್ಪಾಯಿತು. ಅವನು ಹಗ್ಗ ಹಿಡಿದು ನಿಲ್ಲುತ್ತಿದ್ದ. ಮಾರುತ್ತಿದ್ದವನು ಅವನ ಭಾವಮೈದ, ಹೆಂಡತಿಯ ತಮ್ಮ.

ದನದ ಸಂತೆ ನೀನು ನೋಡಿಲ್ಲ, ಅದರ ಪದ್ಧತಿ ಮೊದಲು ಹೇಳಬೇಕು. ಅಲ್ಲಿ ಬೆಲೆಯನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಮಾರುವವನೂ ಕೊಳ್ಳುವವನೂ ಎದುರುಬದುರು ನಿಲ್ಲುತ್ತಾರೆ. ಹೆಗಲ ಮೇಲಿನ ವಲ್ಲಿ, ಅದೇ ನಮ್ಮ ಟವಲು, ಅದನ್ನು ತೆಗೆದು ಇಬ್ಬರ ಬಲಗೈಗಳ ಮೇಲೆ ಹಾಸಿಕೊಳ್ಳುತ್ತಾರೆ. ಅದರ ಕೆಳಗೆ ಬೆರಳು ಬೆರಳನ್ನು ಹಿಡಿಯುತ್ತದೆ. ಇಷ್ಟು ಬೆರಳು ಹಿಡಿದರೆ ಇಷ್ಟು, ಗೆಣ್ಣು ಒತ್ತಿದರೆ ಅರ್ಧ, ಅಂಗೈ ತಟ್ಟಿದರೆ ಒಪ್ಪಿಗೆ, ಕೈ ಎಳೆದುಕೊಂಡರೆ ಇಲ್ಲ. ಮುಖಗಳು ಮಾತ್ರ ಆಕಾಶ ನೋಡುತ್ತಿರುತ್ತವೆ, ಇವತ್ತು ಮೋಡವಿದೆಯೇ ಇಲ್ಲವೇ ಎಂದು ವಿಚಾರ ಮಾಡುವವರ ಹಾಗೆ. ಪಕ್ಕದಲ್ಲಿ ನಿಂತವನಿಗೂ ಸುಳಿವು ಹತ್ತುವುದಿಲ್ಲ. ಕಡಿಮೆ ಕೇಳಿದವನ ಮಾನವೂ ಉಳಿಯುತ್ತದೆ, ಕೊಡದವನ ಮಾನವೂ ಉಳಿಯುತ್ತದೆ.

ಆ ಸಂತೆಗೊಂದು ಕಟ್ಟಳೆ ಇತ್ತು. ಹಿಂದೆ ಎಂದೋ ಕಿವಿ ಕೇಳದ ಒಬ್ಬನಿಗೆ ಯಾರೋ ಮೋಸ ಮಾಡಿದ್ದರು. ಹಿರಿಯರಿಗೆ ಅಯ್ಯೋ ಪಾಪ ಅನ್ನಿಸಿತು. ಮೋಸ ಮಾಡಿದವನನ್ನು ಹಿಡಿದು ನಾಲ್ಕು ಬಿಗಿಯುವುದು ಬಿಟ್ಟು, ಮೋಸ ಹೋದವನಿಗೆ ಕಟ್ಟು ಹಾಕಿದರು. ಕಿವಿ ಕೇಳದವರ ಕೈ ವಲ್ಲಿಯ ಕೆಳಗೆ ಹೋಗಕೂಡದು, ಅವರ ಪರವಾಗಿ ಕೇಳಿಸುವವನೊಬ್ಬ ಕೈ ಇಡಬೇಕು ಎಂದರು. ನಗಬೇಡ ಷಡಕ್ಷರಿ. ಕಿವಿಗೆ ಕೆಲಸವೇ ಇಲ್ಲದ ವ್ಯಾಪಾರಕ್ಕೆ ಕಿವಿ ಇದ್ದವನನ್ನು ಕಾವಲು ಹಾಕಿದರು, ಅದೂ ಎರಡು ತಲೆಮಾರು ನಡೆಯಿತು, ಯಾರಿಗೂ ನಗು ಬರಲಿಲ್ಲ. ದಯೆಯಿಂದ ಕಟ್ಟಿದ ಗೋಡೆ ನೋಡು. ಕಲ್ಲಿನ ಗೋಡೆಯನ್ನಾದರೂ ಒಡೆಯಬಹುದು. ಇದನ್ನು ಒಡೆಯಲು ಹೋದವನಿಗೆ ಉಪಕಾರ ಸ್ಮರಣೆ ಇಲ್ಲ ಎನ್ನುತ್ತಾರೆ.

ಭಾವಮೈದ ಕೆಟ್ಟವನಲ್ಲ. ಒಳ್ಳೆಯ ಬೆಲೆಯನ್ನೇ ತರುತ್ತಿದ್ದ. ಒಂದು ವರ್ಷ ಅವನು ಬೋರಲಿಂಗನ ಜೋಡಿಯನ್ನು ಸುಣ್ಣದ ಕಲ್ಲು ಸುಡುವ ಗೂಡಿನ ಸಾಹುಕಾರನಿಗೆ ಮಾರಿದ. ಆ ಸಲ ಸಂತೆಯಲ್ಲೇ ಹೆಚ್ಚಿನ ಬೆಲೆ. ಭಾವಮೈದ ಮೀಸೆ ತಿರುವಿಕೊಂಡು ಮನೆಗೆ ಬಂದ. ಎರಡು ತಿಂಗಳಾದ ಮೇಲೆ ಬೋರಲಿಂಗ ಆ ಗೂಡಿನ ಕಡೆ ನಡೆದುಹೋಗಿ ಎತ್ತುಗಳನ್ನು ನೋಡಿದ. ಕಲ್ಲು ಎಳೆದು ಎಳೆದು ಹೆಗಲು ಹುಣ್ಣಾಗಿದ್ದವು. ಒಂದು ಎತ್ತು ಅವನ ಗುರುತು ಹಿಡಿದು ಅಂಗೈ ನೆಕ್ಕಿತು. ಬೋರಲಿಂಗ ಮನೆಗೆ ಬಂದು ಎರಡು ದಿನ ಊಟ ಮಾಡಲಿಲ್ಲ.

ಮುಂದಿನ ಜೋಡಿ ಸಂತೆಗೆ ಬರುವ ಹೊತ್ತಿಗೆ ಅವನು ತೀರ್ಮಾನ ಮಾಡಿದ್ದ. ಈ ಸಲ ವಲ್ಲಿಯ ಕೆಳಗೆ ತನ್ನ ಕೈ. ಕೊಡುವುದು ಯಾರಿಗೆ, ಬಿಡುವುದು ಯಾರಿಗೆ ಎಂದು ತಾನೇ ಹೇಳಬೇಕು. ಅವನಿಗೆ ಬೇಕಾದದ್ದು ಅದೊಂದೇ.

ಭಾವಮೈದನನ್ನು ಕರೆದುಕೊಂಡು ಸಂತೆಯ ಯಜಮಾನನ ಹತ್ತಿರ ಹೋದ. ಕೈಸನ್ನೆಯಲ್ಲಿ ತನ್ನ ಮಾತು ಹೇಳಿದ. ಯಜಮಾನ ಅವನತ್ತ ತಿರುಗಲೇ ಇಲ್ಲ, ಭಾವಮೈದನನ್ನು ನೋಡಿದ.

"ಏನಂತಯ್ಯ ಇವನದು?"

"ತನ್ನ ಎತ್ತು ತಾನೇ ಮಾರ್ತಾನಂತೆ ಯಜಮಾನ್ರೇ."

"ಆಗ್ತದೇನಯ್ಯ? ವ್ಯಾಪಾರ ಅಂದ್ರೆ ಮಾತು. ಮಾತಿಲ್ಲದೆ ವ್ಯಾಪಾರ ಉಂಟಾ? ಅವನ ಒಳ್ಳೇದಕ್ಕೇ ಹಿರಿಯರು ಮಾಡವ್ರೆ. ಹೇಳು ಅವನಿಗೆ."

ಭಾವಮೈದ ಬೆರಳುಗಳನ್ನು ಬಾಯಿಯ ಮುಂದೆ ಆಡಿಸಿ, ಎತ್ತುಗಳತ್ತ ತೋರಿಸಿ, ವ್ಯಾಪಾರ ಅಂದರೆ ಮಾತಂತೆ ಎಂದು ತಿಳಿಸಿದ. ಬೋರಲಿಂಗ ಅದನ್ನು ಸನ್ನೆಯಲ್ಲೇ ಎರಡು ಸಲ ಕೇಳಿ ಖಚಿತ ಮಾಡಿಕೊಂಡ. ಹೌದೇ, ಮಾತೇ? ಹೌದು ಭಾವ, ಮಾತೇ. ಬೋರಲಿಂಗ ಯಜಮಾನನಿಗೆ ಕೈಮುಗಿದು ಎತ್ತುಗಳನ್ನು ವಾಪಸು ಹೊಡೆದುಕೊಂಡು ಹೋದ. ಒಪ್ಪಿಕೊಂಡ ಪಾಪ, ಒಳ್ಳೆಯವನು ಎಂದುಕೊಂಡರು ಎಲ್ಲರೂ.

ಮುಂದಿನ ಸಂತೆಯ ದಿನ ಎಲ್ಲರಿಗಿಂತ ಮೊದಲು ಬಂದ. ಎತ್ತುಗಳನ್ನು ಬೇವಿನ ಮರಕ್ಕೆ ಕಟ್ಟಿದ. ಸಂತೆ ಕೂಡಿತು. ಇಬ್ಬರು ದಲ್ಲಾಳಿಗಳು ವಲ್ಲಿ ಹಾಸಿ ಕೈ ಕೂಡಿಸಿದರು. ಬೋರಲಿಂಗ ನೇರ ಹೋಗಿ ಆ ವಲ್ಲಿಯನ್ನು ಎಳೆದುಕೊಂಡ. ತನ್ನ ಹೆಗಲ ಮೇಲೆ ಹಾಕಿಕೊಂಡ. ಬೆರಳುಗಳನ್ನು ಬಾಯಿಯ ಮುಂದೆ ಆಡಿಸಿ ತೋರಿಸಿದ. ಮಾತಾಡಿ!

ಮೊದಲು ನಕ್ಕರು. ಇವನಿಗೆ ಇವತ್ತು ತಮಾಷೆ ಎಂದರು. ಅಷ್ಟರಲ್ಲಿ ಅವನು ಎರಡನೆಯ ಜೋಡಿಯ ವಲ್ಲಿ ಕಿತ್ತಿದ್ದ. ಆಮೇಲೆ ಮೂರನೆಯದು. ಎಲ್ಲಿ ಎರಡು ಕೈಗಳ ಮೇಲೆ ಬಟ್ಟೆ ಕಂಡರೂ ಅಲ್ಲಿ ಬೋರಲಿಂಗ ಹಾಜರು. ಆಳು ಬೇರೆ ಕಟ್ಟುಮಸ್ತು, ತಡೆಯುವವರಾರು? ಒಬ್ಬ ರುಮಾಲು ಬಿಚ್ಚಿ ಹಾಸಿದ, ಅದೂ ಹೋಯಿತು. ಉಳಿದದ್ದು ಉಟ್ಟ ಪಂಚೆ. ಅದನ್ನು ಬಿಚ್ಚಿ ವ್ಯಾಪಾರ ಮಾಡುವಷ್ಟು ಧೈರ್ಯ ಯಾರಿಗೂ ಬರಲಿಲ್ಲ.

ಬೋರಲಿಂಗ ವಲ್ಲಿಗಳನ್ನೆಲ್ಲ ಬೇವಿನ ಮರದ ಕೆಳಗೆ ಗುಡ್ಡೆ ಹಾಕಿ ಅದರ ಮೇಲೆ ಕೂತ. ಭಾವಮೈದ ಓಡಿಬಂದು, "ಅಯ್ಯೋ ಭಾವ, ಮಾನ ಕಳೀತೀಯಲ್ಲ, ಏಳು" ಎಂದು ಕೈ ಹಿಡಿದು ಎಳೆದ. ಬೋರಲಿಂಗ ಅವನ ಹೆಗಲ ಮೇಲಿನ ವಲ್ಲಿಯನ್ನೂ ಕಿತ್ತು ಕೆಳಗೆ ಹಾಕಿಕೊಂಡ.

ಸರಿ, ಬಾಯಲ್ಲೇ ಆಗಲಿ ಎಂದರು ದಲ್ಲಾಳಿಗಳು. ಬಾಯಿ ಇಲ್ಲವೇ ನಮಗೆ? ಶುರು ಮಾಡಿದರು ನೋಡು. ಒಬ್ಬ ಒಂದು ಬೆಲೆ ಹೇಳಿದ. ಪಕ್ಕದವನು, "ಎಲಾ, ಇದೇ ಎತ್ತಿಗೆ ನನ್ನ ಹತ್ರ ಅಷ್ಟು ಹೇಳಿದ್ದೆ!" ಎಂದು ಎದ್ದ. ಅಳಿಯನೊಬ್ಬ ತಿಳಿಯದೆ ಮಾವನ ಎತ್ತಿಗೇ ಕಡಿಮೆ ಕೂಗಿಬಿಟ್ಟ, ಮಾವ ಎಲ್ಲರೆದುರು ಮುಖ ತಿರುಗಿಸಿದ. ಅಣ್ಣ ಕೇಳಿದ ಬೆಲೆಯ ಮೇಲೆ ತಮ್ಮ ಕೂಗಿದ, ಮನೆಯ ಹಳೆಯ ಪಾಲಿನ ಜಗಳ ಸಂತೆಯಲ್ಲಿ ಬಿಚ್ಚಿಕೊಂಡಿತು. ಕೊಡುವವನಿಗೆ ಕೊಡಲು ನಾಚಿಕೆ, ಕೊಳ್ಳುವವನಿಗೆ ಕೇಳಲು ನಾಚಿಕೆ. ಹೊತ್ತು ನೆತ್ತಿಗೆ ಬಂದರೂ ಒಂದು ಹಗ್ಗವೂ ಕೈ ಬದಲಾಯಿಸಲಿಲ್ಲ. ಎತ್ತುಗಳಿಗಂತೂ ಹಬ್ಬ, ಮಲಗಿ ಮೆಲುಕು ಹಾಕುತ್ತಿದ್ದವು.

ಕೊನೆಗೆ ಯಜಮಾನನೇ ಬಂದ. ಬೇವಿನ ಮರದ ಕೆಳಗೆ ನಿಂತು ಗಂಟಲು ಹರಿಯುವ ಹಾಗೆ ಬೈದ. ಕೋಣನ ಮುಂದೆ ಕಿನ್ನರಿ ಎನ್ನುತ್ತಾರಲ್ಲ, ಹಾಗೆ. ಕಿವಿ ಕೇಳದವನ ಮುಂದೆ ಕಿರುಚುತ್ತಿದ್ದೇನೆಂದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ. ಬೋರಲಿಂಗ ಅವನು ದಣಿಯುವವರೆಗೂ ಸಾವಧಾನದಿಂದ ನೋಡಿದ. ಆಮೇಲೆ ಗುಡ್ಡೆಯಿಂದ ಒಂದು ವಲ್ಲಿ ಎಳೆದು, ತನ್ನ ಬಲಗೈ ಮೇಲೆ ಹಾಸಿ, ಕೈಯನ್ನು ಯಜಮಾನನ ಮುಂದೆ ಚಾಚಿದ.

ಸಂತೆಯೆಲ್ಲ ಸುತ್ತ ನೆರೆದಿತ್ತು. ಯಜಮಾನನಿಗೆ ಇಕ್ಕಟ್ಟು. ಕೈ ಇಟ್ಟರೆ ಕಟ್ಟಳೆ ಮುರಿಯುತ್ತದೆ, ಇಡದಿದ್ದರೆ ಸಂತೆ ಮುರಿಯುತ್ತದೆ. ಅವನು ಇನ್ನೂ ಯೋಚಿಸುತ್ತಿದ್ದ. ಆದರೆ ನಲವತ್ತು ವರ್ಷ ಸಂತೆ ಮಾಡಿದ ಕೈ ಅದು. ವಲ್ಲಿ ಹಾಸಿದ ಕೈ ಎದುರಿಗೆ ಬಂದರೆ ಯಜಮಾನನನ್ನು ಕೇಳಿ ಹೋಗುವ ಅಭ್ಯಾಸ ಅದಕ್ಕಿರಲಿಲ್ಲ. ಅವನು ನೋಡನೋಡುತ್ತಿದ್ದಂತೆ ಕೈ ತಾನಾಗಿ ಒಳಗೆ ಹೋಯಿತು.

ಬೋರಲಿಂಗನ ಬೆರಳು ಮಾತಾಡಿತು, ಮಾರುವುದಕ್ಕಲ್ಲ, ಬರೀ ತೋರಿಸುವುದಕ್ಕೆ. ಯಜಮಾನನ ಬೆರಳು ಉತ್ತರ ಕೊಟ್ಟಿತು. ಬೋರಲಿಂಗ ಗೆಣ್ಣು ಒತ್ತಿದ. ಯಜಮಾನ ಒಂದು ಬೆರಳು ಬಿಟ್ಟ. ಇಬ್ಬರ ಮುಖವೂ ಆಕಾಶದಲ್ಲಿ. ಸ್ವಲ್ಪ ಹೊತ್ತಾದ ಮೇಲೆ ಯಜಮಾನನ ಹುಬ್ಬು ಮೇಲೆ ಹೋಯಿತು, ಆಮೇಲೆ ಮೀಸೆಯ ಕೆಳಗೆ ನಗು ಬಂತು.

"ಎಲಾ ಇವನ! ಚೆನ್ನಾಗಿ ಮಾತಾಡ್ತಾನಲ್ರಯ್ಯಾ!"

ಅಲ್ಲಿಗೆ ಕಟ್ಟಳೆ ಹೋಯಿತು. ಬೋರಲಿಂಗ ಎದ್ದು ಎಲ್ಲರಿಗೂ ವಲ್ಲಿ ಹಂಚಿದ. ಯಾರದು ಯಾರಿಗೆ ಸೇರಿತೋ ಶಿವನೇ ಬಲ್ಲ. ಅವತ್ತು ಸಂಜೆ ಸುತ್ತಲ ಹತ್ತೂರುಗಳಲ್ಲಿ ಹೆಂಡತಿಯರು, ಇದ್ಯಾರ ವಲ್ಲಿ ಹಾಕ್ಕೊಂಡು ಬಂದಿದ್ದೀರಿ ಎಂದು ವಿಚಾರಣೆ ಮಾಡಿದರಂತೆ.

ಷಡಕ್ಷರಿ ಗಟ್ಟಿಯಾಗಿ ನಕ್ಕ. "ಕತೆ ಚೆನ್ನಾಗಿದೆ ಗುರುಗಳೇ. ಬೋರಲಿಂಗ ಜಾಣ" ಎಂದ.

"ಮುಗಿಯಿತು ಎಂದು ನಿನಗೆ ಯಾರು ಹೇಳಿದರು? ಕೇಳು" ಎಂದರು ಗುರುಗಳು.

ಅದೇ ಮಧ್ಯಾಹ್ನ ಬೋರಲಿಂಗ ತನ್ನ ಜೋಡಿ ಮಾರಲು ನಿಂತ. ಮೊದಲು ಬಂದವನು ಸುಣ್ಣದ ಗೂಡಿನ ಸಾಹುಕಾರ. ತುಂಬ ಬೆರಳು ಹಿಡಿದ. ಬೋರಲಿಂಗ ಕೈ ಎಳೆದುಕೊಂಡ. ಸಾಹುಕಾರ ಇನ್ನೂ ಒಂದು ಬೆರಳು ಸೇರಿಸಲು ಬಂದ. ಬೋರಲಿಂಗ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಆ ಗಳಿಗೆಯಲ್ಲಿ ಅವನಿಗಾದ ಸಂತೋಷ ಎಷ್ಟೆಂದರೆ, ಕಣ್ಣಲ್ಲಿ ನೀರು ಬಂತು. ಇಲ್ಲ ಎಂದು ಅವನು ಸಂತೆಯಲ್ಲಿ ಹೇಳಿದ್ದು ಅದೇ ಮೊದಲು.

ಆಮೇಲೆ ಒಬ್ಬ ಮುದುಕ ಬಂದ. ಬೊಚ್ಚುಬಾಯಿ, ಹಸುಗೂಸಿನ ನಗು. ಮೊದಲು ಎತ್ತುಗಳ ಕುತ್ತಿಗೆ ಕೆರೆದ, ಕಿವಿಯಲ್ಲಿದ್ದ ಉಣ್ಣೆಹುಳು ಕಿತ್ತ, ತಾನು ತಂದಿದ್ದ ಹುರುಳಿಯನ್ನು ತಿನ್ನಿಸಿದ. ಎತ್ತುಗಳು ಅವನ ಕಡೆ ವಾಲಿದವು. ಎತ್ತುಗಳಿಗೆ ಒಳ್ಳೆಯ ಮನೆ ಸಿಕ್ಕಿತು ಎಂದು ಬೋರಲಿಂಗನಿಗೆ ಅನ್ನಿಸಿತು. ವಲ್ಲಿ ಹಾಸಿದರು. ಮುದುಕನ ಬೆರಳು ಹಾಗೆ ಜಾರಿತು, ಹೀಗೆ ಒತ್ತಿತು, ನಡುವೆ ಒಂದು ಗೆಣ್ಣು ಎಲ್ಲಿಯೋ ಮಾಯವಾಯಿತು. ಹಿಗ್ಗಿನಲ್ಲಿದ್ದ ಬೋರಲಿಂಗ ಅಂಗೈ ತಟ್ಟಿಬಿಟ್ಟ. ಹಗ್ಗ ಕೊಟ್ಟ.

ಮುದುಕ ಎತ್ತು ಹೊಡೆದುಕೊಂಡು ದಾರಿ ತಿರುಗಿದ ಮೇಲೆ ಭಾವಮೈದ ಬೆಲೆ ವಿಚಾರಿಸಿದ. ವಿಚಾರಿಸಿ ಹಣೆ ಹಣೆ ಚಚ್ಚಿಕೊಂಡ. "ಅಯ್ಯೋ ಭಾವ, ಕೆಟ್ಟೆಯಲ್ಲೋ! ಇಷ್ಟಕ್ಕೆ ಈ ಸಂತೆಯಲ್ಲಿ ಮುದಿ ಎಮ್ಮೆಯೂ ಬರೋದಿಲ್ಲ." ಬೋರಲಿಂಗನಿಗೂ ಆಗ ಹೊಳೆಯಿತು. ಮುದುಕ ಟೋಪಿ ಹಾಕಿದ್ದ. ಮನೆ ನೋಡಿ ಕೊಟ್ಟದ್ದು ಸರಿ, ಬೆಲೆ ಮಾತ್ರ ಮಣ್ಣು.

"ನೋಡಿ ಗುರುಗಳೇ!" ಷಡಕ್ಷರಿ ಎದ್ದೇ ಬಿಟ್ಟ. "ಇದನ್ನೇ ನಾನೂ ಹೇಳುವುದು!"

"ಅದನ್ನೇ ದಲ್ಲಾಳಿಗಳೂ ಹೇಳಿದರು. ಕೂತುಕೋ."

ಅರ್ಧ ಗಳಿಗೆಯಲ್ಲಿ ಸುದ್ದಿ ಸಂತೆಯೆಲ್ಲ ಹಬ್ಬಿತು. ಬೆಳಗ್ಗೆ ವಲ್ಲಿ ಕಳೆದುಕೊಂಡು ಉರಿಯುತ್ತಿದ್ದವರೆಲ್ಲ ಯಜಮಾನನ ಮುಂದೆ ಗುಂಪು ಕೂಡಿದರು. ಹಿರಿಯರೇನು ದಡ್ಡರೇ? ಇವನ ಒಳ್ಳೆಯದಕ್ಕೇ ಕಟ್ಟಳೆ ಮಾಡಿದ್ದರು. ಮೊದಲ ದಿನವೇ ಮೋಸ ಹೋದ. ನಾಳೆ ಮನೆ ಮಾರುತ್ತಾನೆ. ಕಟ್ಟಳೆ ಮತ್ತೆ ಬರಲಿ. ಯಜಮಾನನಿಗೂ ಹೌದಲ್ಲ ಅನ್ನಿಸಿತು. ಮನಸ್ಸು ಮೆತ್ತಗಿನ ಮನುಷ್ಯ, ಬೋರಲಿಂಗನ ನಷ್ಟ ನೋಡಿ ಅವನಿಗೆ ನಿಜವಾಗಿ ಸಂಕಟವಾಗಿತ್ತು. ಭಾವಮೈದನನ್ನು ಕರೆದು, "ಹೇಳಯ್ಯ, ಮುಂದಿನ ಸಂತೆಯಿಂದ ನೀನೇ ಕೈ ಇಡು ಅಂತ" ಎಂದ.

ಭಾವಮೈದ ಸನ್ನೆ ಮಾಡಿದ. ಬೋರಲಿಂಗನ ಮುಖ ಕಪ್ಪಿಟ್ಟಿತು. ಬೆಳಗ್ಗೆ ಬಂದದ್ದು ಸಂಜೆಯೊಳಗೆ ಹೋಗುವುದರಲ್ಲಿತ್ತು. ಅವನು ಬಂದು ಯಜಮಾನನ ಕೈ ಹಿಡಿದ. ಹಿಡಿದು, ಗುಂಪಿನ ನಡುವಿನಿಂದ ಎಳೆದುಕೊಂಡು ಹೊರಟ. ಗುಂಪೂ ಹಿಂದೆ ಹೊರಟಿತು.

ಇಲ್ಲಿ ಒಂದು ಮಾತು ಹೇಳಬೇಕು. ಯಜಮಾನ ಹಿಂದಿನ ಬೇಸಗೆಯಲ್ಲಿ ಇದೇ ಸಂತೆಯಲ್ಲಿ ಒಂದು ಎತ್ತು ಕೊಂಡಿದ್ದ. ನೋಡುವುದಕ್ಕೆ ರಾಜನ ಹಾಗೆ, ಕೊಂಬೇನು, ಬೆನ್ನ ಮೇಲಿನ ಹಿಣಿಲೇನು! ನೊಗಕ್ಕೆ ಕಟ್ಟಿದರೆ ಮಾತ್ರ ನಾಲ್ಕು ಹೆಜ್ಜೆ ನಡೆದು ಮಲಗಿಬಿಡುತ್ತಿತ್ತು. ಹೊಡೆದರೆ ಕಣ್ಣು ಮುಚ್ಚುತ್ತಿತ್ತು. ಮಾರಲು ತಂದರೆ ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ಅವತ್ತೂ ಅದನ್ನು ಸಂತೆಗೆ ತಂದು ಕಟ್ಟಿದ್ದ. ಈ ಸಂಗತಿ ಸಂತೆಯಲ್ಲಿ ಎಲ್ಲರಿಗೂ ಗೊತ್ತು. ಯಜಮಾನನ ಮುಂದೆ ಮಾತ್ರ ಯಾರೂ ಆಡುತ್ತಿರಲಿಲ್ಲ.

ಬೋರಲಿಂಗ ಯಜಮಾನನನ್ನು ತಂದು ಆ ಎತ್ತಿನ ಮುಂದೆ ನಿಲ್ಲಿಸಿದ. ಎತ್ತು ಮಲಗಿತ್ತು. ಬೋರಲಿಂಗ ಎತ್ತನ್ನು ತೋರಿಸಿದ. ಯಜಮಾನನನ್ನು ತೋರಿಸಿದ. ಯಜಮಾನನ ಎರಡೂ ಕಿವಿಗಳನ್ನು ಮೆಲ್ಲಗೆ ಮುಟ್ಟಿ, ಇವು ಚೆನ್ನಾಗಿವೆಯಲ್ಲ ಎನ್ನುವಂತೆ ತಲೆಯಾಡಿಸಿದ. ಆಮೇಲೆ ಅವನ ಹೆಗಲಿನಿಂದ ವಲ್ಲಿ ತೆಗೆದುಕೊಂಡು, ಮಡಿಸಿ, ಭಾವಮೈದನ ಕೈಗೆ ಕೊಟ್ಟ. ಇನ್ನು ಮೇಲೆ ಯಜಮಾನನ ಪರವಾಗಿ ನೀನೇ ಕೈ ಇಡಬೇಕು ಎಂದು ಸನ್ನೆ ಮಾಡಿದ.

ಗುಂಪಿನಲ್ಲಿ ಯಾರೋ ಒಬ್ಬ ತಡೆಯಲಾರದೆ ಕಿಸಕ್ಕೆಂದ. ಮತ್ತೆ ಕೇಳಬೇಕೇ? ದಲ್ಲಾಳಿಗಳು ಒಬ್ಬರ ಮೈಮೇಲೆ ಒಬ್ಬರು ಬಿದ್ದು ನಕ್ಕರು. ಭಾವಮೈದ ಯಜಮಾನನ ವಲ್ಲಿ ಹಿಡಿದುಕೊಂಡು, ಏನು ಮಾಡಬೇಕೆಂದು ತಿಳಿಯದೆ ಪಿಳಿಪಿಳಿ ಕಣ್ಣು ಬಿಡುತ್ತಿದ್ದ. ಯಜಮಾನ ಕೆಂಪಾದ. ಮಲಗಿದ್ದ ಎತ್ತನ್ನು ನೋಡಿದ. ಕೊನೆಗೆ ಅವನಿಗೂ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತ ಆ ಎತ್ತಿನ ಪಕ್ಕದಲ್ಲೇ ಕುಸಿದು ಕೂತ.

ನಕ್ಕು ಮುಗಿಸಿದ ಮೇಲೆ ಯಜಮಾನ ಭಾವಮೈದನಿಂದ ವಲ್ಲಿ ಇಸಿದುಕೊಂಡ. ಈ ಸಲ ಅವನು ಭಾವಮೈದನ ಮುಖ ನೋಡಲಿಲ್ಲ. ಬೋರಲಿಂಗನ ಮುಖವನ್ನೇ ನೋಡಿ, ಗಾಳಿಯಲ್ಲಿ ಅಂಗೈ ತಟ್ಟಿ ತೋರಿಸಿದ. ಒಪ್ಪಿಗೆ. ಕಟ್ಟಳೆ ಮತ್ತೆ ಆ ಸಂತೆಗೆ ಬರಲಿಲ್ಲ. ಮುಂದೆ ಬೋರಲಿಂಗ ಎರಡು ಸಲ ಮೋಸ ಹೋದ, ಮೂರು ಸಲ ಒಳ್ಳೆಯ ಬೆಲೆ ತಂದ, ಒಂದು ಸಲ ತಾನೇ ಆ ಬೊಚ್ಚುಬಾಯಿ ಮುದುಕನಿಗೆ ಟೋಪಿ ಹಾಕಿದ ಎಂದೂ ಹೇಳುತ್ತಾರೆ. ಒಟ್ಟಿನಲ್ಲಿ ಎಲ್ಲ ರೈತರ ಹಾಗೆ ಬಾಳಿದ.

ಗುರುಗಳು ನಿಲ್ಲಿಸಿದರು.

ಷಡಕ್ಷರಿಯ ಮನಸ್ಸು ಇನ್ನೂ ಒಂದು ಕಡೆ ಸಿಕ್ಕಿಕೊಂಡಿತ್ತು.

"ಎಲ್ಲ ಸರಿ ಗುರುಗಳೇ. ಆದರೂ ಅವತ್ತು ಭಾವಮೈದ ಕೈ ಇಟ್ಟಿದ್ದರೆ ಆ ನಷ್ಟ ತಪ್ಪುತ್ತಿತ್ತಲ್ಲ?"

ಗುರುಗಳು ಅವನ ಬೆನ್ನು ತಟ್ಟಿ ನಕ್ಕರು.

"ಮೊನ್ನೆ ದಾಸೋಹದಲ್ಲಿ ನೀನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ಮುನ್ನೂರು ಜನ ಚೊಂಬು ಚೊಂಬು ನೀರು ಕುಡಿದರು, ಮಾರನೆಯ ದಿನ ನಿನ್ನ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿದವರು ಯಾರಪ್ಪ?"